ನೀರಿನ ಸರಪಳಿ, ಮೂರನೇ ದಾಖಲೆ: ಇಟಲಿಯಲ್ಲಿ ಏಳು ದಿನ ನಡೆದು ಬಂದದ್ದು

ಹಿಂದಿನ ಎರಡು ದಾಖಲೆ ಓದದವರಿಗೆ ಮೊದಲು ನಾಲ್ಕು ಮಾತು. ವಿಟ್ಲದ ಕಡೆಯ ನಮ್ಮ ಅಡಿಕೆ ತೋಟಕ್ಕೆ ನೀರು ಬರುವುದು ಗುಡ್ಡೆಯೊಳಗಿನ ಸುರಂಗದಿಂದ. ಅಜ್ಜನ ಕಾಲದಲ್ಲಿ ಮುರಕಲ್ಲು ಕಡಿದು ಮಾಡಿದ್ದು. ಕರೆಂಟು ಬೇಡ, ಪಂಪು ಬೇಡ. ಸುರಂಗದ ಬಾಯಿಯಿಂದ ಟಾಂಕಿಗೆ ಇಳಿಯುವಲ್ಲಿ ಮೊದಲು ಅಡಿಕೆ ದಂಬೆ ಇತ್ತು, ಆಮೇಲೆ ಪೈಪು ಬಂತು. ಆ ಪೈಪು ಕಿತ್ತು, ನೀರು ಕುಣಿದುಕೊಂಡು ಇಳಿಯುವಂಥ ಒಂದು ಕಾಲುವೆ ಕಟ್ಟಬೇಕೆನ್ನುವುದು ನನ್ನ ಹುಚ್ಚು. ಎರಡು ಸಲ ಕಟ್ಟಿದೆ, ಎರಡು ಸಲವೂ ಒಡೆದೆ. ಮೊದಲನೆಯದರಲ್ಲಿ ನೀರು ಸದ್ದಿಲ್ಲದೆ ಜಾರಿಹೋಯಿತು. ಎರಡನೆಯದಕ್ಕೆ ಮೆಟ್ಟಿಲು ಮಾಡಿದೆ. ಎಪ್ರಿಲಿನ ಸಪೂರ ನೀರು ಮೆಟ್ಟಿಲ ಮೈಗೆ ಅಂಟಿಕೊಂಡು ಸೋರುವ ಗೋಡೆಯ ಹಾಗೆ ಇಳಿಯಿತು. ನಮ್ಮಲ್ಲಿ ಬೇಸಿಗೆಯಲ್ಲಿ ಹದಿನೈದು ಲೀಟರಿನ ಬಕೆಟ್ ತುಂಬಲು ಎರಡು ನಿಮಿಷ ಬೇಕು. ಅಷ್ಟು ನೀರಿನಲ್ಲಿ ಕುಣಿತ ಎಲ್ಲಿಂದ ತರುವುದು?

ಇಂಥದ್ದನ್ನು ನಾನೂರೈವತ್ತು ವರ್ಷದ ಹಿಂದೆಯೇ ಮಾಡಿ ಮುಗಿಸಿದವರು ಇಟಲಿಯಲ್ಲಿದ್ದಾರೆ. ರೋಮಿನ ಉತ್ತರಕ್ಕೆ ತೂಷಾ ಎನ್ನುವ ಸೀಮೆಯಲ್ಲಿ, ಚಿಮೀನಿ ಬೆಟ್ಟಗಳ ಎರಡು ಮಗ್ಗುಲಲ್ಲಿ, ಎರಡು ತೋಟಗಳಿವೆ: ಬನ್ಯಾಯದ ವಿಲ್ಲಾ ಲಾಂತೆ, ಕಪ್ರಾರೋಲಾದ ವಿಲ್ಲಾ ಫರ್ನೇಸೆ. ಎರಡರಲ್ಲೂ 'ಕತೇನಾ ದಾಕ್ವಾ' ಇದೆ. ಹಾಗೆಂದರೆ ನೀರಿನ ಸರಪಳಿ. ಈ ಯೋಜನೆಯ ಹೆಸರು ಅಲ್ಲಿಂದಲೇ ಕದ್ದದ್ದು. ನಡುವೆ ಹಳೆಯ ಊರುಗಳು, ಕಾಲುದಾರಿಗಳು. ಕಾರಿನಲ್ಲಿ ಹೋದರೆ ಎರಡೇ ದಿನದ ಕೆಲಸ. ಆದರೆ ನೀರು ಗುಡ್ಡೆಯಿಂದ ಹೇಗೆ ಬರುತ್ತದೆಂದು ತಿಳಿಯಬೇಕಾದರೆ ಗುಡ್ಡೆ ಹತ್ತಿಯೇ ನೋಡಬೇಕು. ಜೊತೆಗೆ ಭಾವ ಬಂದರು, ತಂಗಿಯ ಗಂಡ. "ಒಂದು ಚರಂಡಿ ನೋಡಲು ಇಷ್ಟು ದೂರವಾ ಭಾವ?" ಎಂದು ವಿಮಾನದಲ್ಲೇ ಶುರು ಮಾಡಿದವರು ವಾಪಸು ಬರುವವರೆಗೂ ನಿಲ್ಲಿಸಲಿಲ್ಲ.

ದಿನ 1. ವಿತೆರ್ಬೊ. ರೋಮಿನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಊರಿಡೀ ಬೂದುಬಣ್ಣದ ಕಲ್ಲು: ಗೋಡೆ, ಮೆಟ್ಟಿಲು, ಕಾರಂಜಿ, ಬೀದಿಯ ಹಾಸು, ಎಲ್ಲವೂ. ಅದರ ಹೆಸರು ಪೆಪೆರೀನೊ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು, ಮೈಮೇಲೆ ಕಪ್ಪು ಚುಕ್ಕೆ. ಆ ಚುಕ್ಕೆ ಒಳ್ಳೆಮೆಣಸಿನ ಕಾಳಿನಂತಿದೆಯೆಂದೇ ಆ ಹೆಸರು. ಭಾವನಿಗೆ ಇದು ಬಹಳ ಹಿಡಿಸಿತು. ಅವರ ತೋಟದಲ್ಲಿ ಅಡಿಕೆ ಮರಕ್ಕೊಂದು ಮೆಣಸಿನ ಬಳ್ಳಿ.

ಪೋಪರ ಅರಮನೆಯ ಮುಂದೆ ಸ್ವಲ್ಪ ಹೊತ್ತು ಕೂತೆವು. 1268ರಲ್ಲಿ ಪೋಪ್ ತೀರಿಕೊಂಡ ಮೇಲೆ ಕಾರ್ಡಿನಲ್‌ಗಳು ಇಲ್ಲಿ ಸೇರಿ ಹೊಸಬರನ್ನು ಆರಿಸಲು ಹೆಚ್ಚುಕಮ್ಮಿ ಮೂರು ವರ್ಷ ತೆಗೆದುಕೊಂಡರು. ಊರವರ ತಾಳ್ಮೆ ತಪ್ಪಿತು. ಬಾಗಿಲಿಗೆ ಬೀಗ ಜಡಿದರು, ಊಟ ಕಡಿಮೆ ಮಾಡಿದರು, ಕೊನೆಗೆ ಮಾಡನ್ನೇ ಕಿತ್ತರು ಎಂದು ಕಥೆ. 1271ರ ಸೆಪ್ಟೆಂಬರಿನಲ್ಲಿ ಹತ್ತನೇ ಗ್ರೆಗರಿಯ ಆಯ್ಕೆಯಾಯಿತು. ನಮ್ಮ ಸೊಸೈಟಿಯ ಮಹಾಸಭೆಗೂ ಈ ಮದ್ದು ಆದೀತು ಎಂದರು ಭಾವ.

ನನ್ನ ಲೆಕ್ಕದಲ್ಲಿ ಅಂದಿನ ಮುಖ್ಯ ಸಂಗತಿ ಇದ್ದದ್ದು ನೆಲದ ಕೆಳಗೆ. ಪಿಯಾತ್ಸಾ ದೆಲ್ಲಾ ಮೋರ್ತೆ ಎಂಬ ಚೌಕದಲ್ಲಿ ಟಿಕೆಟು ತೆಗೆದು ಇಳಿದರೆ ತೂಫಾ ಎಂಬ ಮೆತ್ತನೆಯ ಜ್ವಾಲಾಮುಖಿ ಕಲ್ಲಿನಲ್ಲಿ ಕಡಿದ ಹಾದಿಗಳು ಸಿಗುತ್ತವೆ. ಈ ಸೀಮೆಯ ತುಂಬ, ರೋಮನ್ನರಿಗಿಂತ ಮೊದಲಿದ್ದ ಎಟ್ರುಸ್ಕರು ನೀರು ಸಾಗಿಸಲಿಕ್ಕೆಂದು ಸುರಂಗ ತೋಡಿದ್ದರು, 'ಕುನೀಕೊಲಿ' ಎನ್ನುತ್ತಾರೆ. ಒಬ್ಬ ಮನುಷ್ಯ ನಿಂತು ಹೋಗುವಷ್ಟು ಎತ್ತರ, ಎರಡು ಮೊಣಕೈ ತಾಗುವಷ್ಟು ಅಗಲ, ಅಲ್ಲಲ್ಲಿ ಮೇಲಕ್ಕೊಂದು ಗಾಳಿ ಬಾವಿ. ಇದು ನಮ್ಮ ಮನೆ ಹಿಂದಿನ ಸುರಂಗದ ಅಳತೆಯೇ! ಆಳೊಬ್ಬ ಪಿಕಾಸಿ ಬೀಸಿಕೊಂಡು ಮುಂದೆ ಹೋಗಲು ಎಷ್ಟು ಜಾಗ ಬೇಕೋ ಅಷ್ಟೇ. ಅದಕ್ಕಿಂತ ಹೆಚ್ಚು ಕಡಿಯುವುದು ದಂಡ. ಗೋಡೆಯ ಮೇಲಿನ ಓರೆ ಗೀರುಗಳನ್ನು ಮುಟ್ಟಿ ನೋಡಿದೆ. ಭಾವ ಒಂದು ನಿಮಿಷ ಏನೂ ಹೇಳಲಿಲ್ಲ, ಅದು ದೊಡ್ಡದು.

ದಿನ 2. ಬಸ್ಸಿನಲ್ಲಿ ಮೊಂತೆಫಿಯಾಸ್ಕೋನೆಗೆ ಹೋಗಿ ಅಲ್ಲಿಂದ ವಿತೆರ್ಬೊಗೆ ನಡಿಗೆ, ಸುಮಾರು 18 ಕಿ.ಮೀ. ಇದು ಫ್ರಾಂಚೀಜೆನಾ ದಾರಿ, ರೋಮಿಗೆ ಹೋಗುವ ಹಳೆಯ ಯಾತ್ರಾಮಾರ್ಗ. 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿಗೆ ಹೋಗಿ ಬಂದಾಗ ತಂಗಿದ ಊರುಗಳ ಪಟ್ಟಿ ಉಳಿದಿರುವುದರಿಂದ ದಾರಿಯ ಗುರುತು ಸಿಕ್ಕಿದೆ. ಒಂದಷ್ಟು ದೂರ ರೋಮನ್ನರು ಹಾಸಿದ ಕರಿಕಲ್ಲಿನ ಮೇಲೇ ನಡೆಯಬೇಕು. ಚಪ್ಪಡಿಗಳು ದೊಡ್ಡವು, ಸಂದು ಅಗಲ. ನನ್ನ ಹೊಸ ಶೂ ಎಡಹಿಮ್ಮಡಿಯನ್ನು ಇಲ್ಲಿಯೇ ತಿಂದದ್ದು. ಊರು ಹತ್ತಿರವಾಗುವಾಗ ಬಯಲಿನಲ್ಲಿ ಬಿಸಿನೀರಿನ ಹೊಂಡಗಳು, ಬನ್ಯಾಚ್ಚೊ ಎಂದು ಹೆಸರು, ಗಂಧಕದ ವಾಸನೆ. ಕಾಲು ಇಳಿಬಿಟ್ಟು ಕೂತವರು ಏಳಲು ಮುಕ್ಕಾಲು ಗಂಟೆ ಹಿಡಿಯಿತು.

ದಿನ 3. ವ್ಯರ್ಥ. ಐದು ಕಿ.ಮೀ. ನಡೆದು ಬನ್ಯಾಯ ತಲುಪಿದರೆ ವಿಲ್ಲಾ ಲಾಂತೆಯ ಗೇಟಿಗೆ ಬೀಗ. ಸೋಮವಾರ ರಜೆ. ಆರು ತಿಂಗಳು ನಕ್ಷೆ ನೋಡಿದವನಿಗೆ ವಾರ ನೋಡಲು ನೆನಪಾಗಲಿಲ್ಲ. ಭಾವ ಆ ದಿನ ಮಾಡಿದ ಹಾಸ್ಯಗಳನ್ನು ಇಲ್ಲಿ ಬರೆಯುವುದಿಲ್ಲ. ಮಧ್ಯಾಹ್ನ ಅಕ್ವಾಕೊತ್ತಾ ತಿಂದೆವು, 'ಬೇಯಿಸಿದ ನೀರು' ಎಂದೇ ಅದರ ಅರ್ಥ: ಒಣಗಿದ ರೊಟ್ಟಿಯ ಮೇಲೆ ಸೊಪ್ಪು ತರಕಾರಿ ಬೇಯಿಸಿದ ನೀರು ಸುರಿದದ್ದು. ಮೀನು ಹಾಕುವುದೂ ಉಂಟು, ಮೊದಲೇ ಹೇಳಬೇಕು. ಜೊತೆಗೆ ಲೊಂಬ್ರಿಕೆಲ್ಲಿ ಎಂಬ ದಪ್ಪ ಶ್ಯಾವಿಗೆ, ಬರೀ ಹಿಟ್ಟು ನೀರಿನದು. ಆ ಹೆಸರು ಎರೆಹುಳದಿಂದ ಬಂದದ್ದೆಂದು ಊಟ ಮುಗಿದ ಮೇಲೆ ಹೇಳಿದೆ.

ದಿನ 4. ವಿಲ್ಲಾ ಲಾಂತೆ. ಇದಕ್ಕಾಗಿಯೇ ಬಂದದ್ದು, ಇದನ್ನು ನಿಧಾನವಾಗಿ ಬರೆಯುತ್ತೇನೆ.

ಕಾರ್ಡಿನಲ್ ಜಾನ್‌ಫ್ರಾಂಚೆಸ್ಕೊ ಗಾಂಬರಾ 1568ರ ಹೊತ್ತಿಗೆ ಶುರು ಮಾಡಿಸಿದ ತೋಟ. ವಿನ್ಯಾಸ ವಾಸ್ತುಶಿಲ್ಪಿ ವಿನ್ಯೋಲಾನದು ಎಂದು ನಂಬಿಕೆ. ನೀರಿನ ಕೆಲಸ ಸಿಯೆನಾದ ತೊಮ್ಮಾಸೊ ಗಿನೂಚ್ಚಿಯದು. ಅದಕ್ಕೆ ಮೂರು ವರ್ಷ ಮೊದಲು ತಾಳಿಕೋಟೆಯ ಯುದ್ಧವಾಗಿ ಹಂಪಿ ಹಾಳಾಗಿತ್ತು. ಅಲ್ಲಿನ ನೀರು ಸಾಗಿಸುವ ಕಲ್ಲಿನ ದೋಣಿಗಳಲ್ಲಿ ಹರಿವು ನಿಂತ ಕಾಲಕ್ಕೆ ಇಲ್ಲಿ ಹರಿಸುವ ತಯಾರಿ ನಡೆದಿತ್ತು ಎನ್ನುವುದು ಟಿಕೆಟಿನ ಸಾಲಿನಲ್ಲಿ ನಿಂತಾಗ ಹೊಳೆಯಿತು. ಎರಡಕ್ಕೂ ಸಂಬಂಧವೇನೂ ಇಲ್ಲ, ಆದರೂ ತಲೆಯಿಂದ ಹೋಗಲಿಲ್ಲ.

ಒಂದು ತೊಂದರೆಯಿದೆ. ಬಾಗಿಲು ಇರುವುದು ಕೆಳಗೆ, ನೀರು ಹುಟ್ಟುವುದು ಮೇಲೆ. ಬಂದವರೆಲ್ಲ ನೀರಿನ ಕಥೆಯನ್ನು ಕೊನೆಯಿಂದ ಓದುತ್ತ ಹತ್ತುತ್ತಾರೆ. ನಾವು ಹಾಗೆ ಮಾಡಲಿಲ್ಲ. ಅತ್ತಿತ್ತ ನೋಡದೆ ಬದಿಯ ಮೆಟ್ಟಿಲು ಹತ್ತಿ ತುದಿಗೆ ಹೋದೆವು. ಅಲ್ಲಿ 'ಪ್ರಳಯದ ಕಾರಂಜಿ': ಪಾಚಿ, ಜರಿಗಿಡ ಹಬ್ಬಿದ ಕಲ್ಲುಗುಹೆ, ಸಂದಿಗೊಂದಿಗಳಿಂದ ಜಿನುಗುವ ನೀರು. ಥೇಟ್ ಸುರಂಗದ ಬಾಯಿ. ಅಲ್ಲಿಂದ ನೀರಿನ ಜೊತೆ ಇಳಿಯತೊಡಗಿದೆವು.

ಮೊದಲು ಎಂಟು ಮೂಲೆಯ ಡಾಲ್ಫಿನ್ ಕಾರಂಜಿ, ಅದರ ಕೆಳಗೆ ಸರಪಳಿ. ಇಕ್ಕೆಲದಲ್ಲಿ ಕತ್ತರಿಸಿದ ಹಸಿರು ಬೇಲಿ, ನಡುವೆ ಇಳಿಜಾರಿಗೆ ಮೈಚಾಚಿ ಮಲಗಿದ ಒಂದು ಸೀಗಡಿ. ಇಟಾಲಿಯನ್ನಿನಲ್ಲಿ ಸೀಗಡಿ 'ಗಾಂಬೆರೊ', ಕಾರ್ಡಿನಲ್ಲನ ಮನೆತನ 'ಗಾಂಬರಾ'. ಹೆಸರಿನ ಮೇಲಿನ ಚಮತ್ಕಾರವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಕೊನೆಯಲ್ಲಿ ಅದರ ಕೊಂಡಿಗಳ ನಡುವಿನಿಂದ ನೀರು ಕೆಳಗಿನ ತೊಟ್ಟಿಗೆ ಬೀಳುತ್ತದೆ, ಅಲ್ಲಿ ತೀಬರ್ ಮತ್ತು ಆರ್ನೊ ನದಿಗಳು ದೈತ್ಯರಾಗಿ ಒರಗಿಕೊಂಡಿವೆ.

ನಾನು ಸರಪಳಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಗಂಟೆ ಚಿತ್ರ ಬರೆದೆ. ನೀರು ನಾನು ಅಂದುಕೊಂಡಷ್ಟು ಇರಲಿಲ್ಲ, ಆಶ್ಚರ್ಯವಾಗುವಷ್ಟು ಕಡಿಮೆ. ಗುಟ್ಟು ಕಲ್ಲಿನ ಆಕಾರದಲ್ಲಿದೆ. ಅದು ಒಂದೇ ಅಗಲದ ಕಾಲುವೆಯಲ್ಲ, ಮೆಟ್ಟಿಲೂ ಅಲ್ಲ. ತಂಬಿಗೆಗಳನ್ನು ಒಂದರ ಬಾಯಿಗೆ ಇನ್ನೊಂದರ ಬುಡ ತಾಗಿಸಿ ಸಾಲಾಗಿ ಮಲಗಿಸಿದ ಹಾಗೆ. ಅಗಲವಾದ ಹೊಟ್ಟೆ, ಆಮೇಲೆ ಇಕ್ಕಟ್ಟಾದ ಕುತ್ತಿಗೆ, ಮತ್ತೆ ಹೊಟ್ಟೆ. ಬದಿಯಲ್ಲಿ ಒಳಕ್ಕೆ ಸುರುಳಿದ ಕಲ್ಲು. ಹೊಟ್ಟೆಯಲ್ಲಿ ನೀರು ಕ್ಷಣ ತಂಗುತ್ತದೆ, ಸುರುಳಿಗೆ ಬಡಿದು ಹಿಂದೆ ತಿರುಗುತ್ತದೆ, ಕುತ್ತಿಗೆಯಲ್ಲಿ ಒಟ್ಟಾಗಿ ದಪ್ಪಗಾಗಿ ಮುಂದಕ್ಕೆ ನುಗ್ಗುತ್ತದೆ. ಅದೇ ನೀರು, ಹೆಜ್ಜೆಗೊಮ್ಮೆ ಹೊಸದಾಗಿ ಹೊರಟಂತೆ. ನಾನು ಎರಡು ಸಲವೂ ನೀರಿಗೆ ಬೀಳಲಿಕ್ಕೆ ಜಾಗ ಕೊಟ್ಟೆ, ನಿಲ್ಲಲಿಕ್ಕೆ ಕೊಡಲಿಲ್ಲ.

ಕೆಳಗಿನ ಹಂತದಲ್ಲಿ ಕಾರ್ಡಿನಲ್ಲನ ಊಟದ ಮೇಜು: ಉದ್ದದ ಕಲ್ಲುಹಲಗೆ, ನಡುವೆ ಉದ್ದಕ್ಕೂ ತೋಡಿದ ಕಾಲುವೆ, ಅದರಲ್ಲಿ ತಣ್ಣೀರು. ವೈನಿನ ಪಾತ್ರೆ ಅದರಲ್ಲಿ ತಂಪಾಗುತ್ತಿತ್ತಂತೆ. ಮತ್ತೂ ಕೆಳಗೆ ದೀಪಗಳ ಕಾರಂಜಿ, ಸಾಲು ಹಣತೆಗಳಲ್ಲಿ ಉರಿಯ ಬದಲು ನೀರಿನ ಕುಡಿ. ಕೊನೆಗೆ ನಾಲ್ಕು ಚೌಕ ಕೊಳಗಳು, ಅವುಗಳಲ್ಲಿ ಪುಟ್ಟ ಕಲ್ಲುದೋಣಿಗಳು. ಗುಹೆಯಲ್ಲಿ ಜಿನುಗಿದ ನೀರು ಇಲ್ಲಿಗೆ ಬಂದು ಕನ್ನಡಿಯಾಗುತ್ತದೆ. ಎಲ್ಲೂ ಪಂಪಿಲ್ಲದ ಕಾಲದ ಲೆಕ್ಕಾಚಾರ, ಬರೀ ಇಳಿಜಾರಿನ ಬಲ. ಎರಡು ಒಂದೇ ಥರದ ಸಣ್ಣ ಮನೆಗಳೂ ಇವೆ, ಎರಡನೆಯದನ್ನು ಗಾಂಬರಾ ತೀರಿಹೋದ ಮೇಲೆ ಕಾರ್ಡಿನಲ್ ಮೊಂತಾಲ್ತೊ ಕಟ್ಟಿಸಿದ್ದು. ನೀರಿಗೆ ನಡುದಾರಿ ಬಿಟ್ಟು ಮನುಷ್ಯರ ಮನೆಯನ್ನು ಪಕ್ಕಕ್ಕೆ ಸರಿಸಿದ್ದು ನನಗೆ ಇಷ್ಟವಾಯಿತು.

"ಚರಂಡಿ ಅಂದದ್ದು ತಪ್ಪಾಯಿತು" ಎಂದರು ಭಾವ. ದಿನಾಂಕ ಸಮೇತ ಬರೆದಿಟ್ಟುಕೊಂಡಿದ್ದೇನೆ.

ದಿನ 5. ಬನ್ಯಾಯದಿಂದ ವಿತೊರ್ಕಿಯಾನೊ ಮೇಲಾಗಿ ಬೊಮಾರ್ತ್ಸೊ. ಫೋನು 19 ಕಿ.ಮೀ. ಎಂದಿತು, ಹಿಮ್ಮಡಿ ಮೂವತ್ತು ಎಂದಿತು. ವಿತೊರ್ಕಿಯಾನೊ ಬಂಡೆಯ ಅಂಚಿನಲ್ಲಿ ಬಂಡೆಯದೇ ಮುಂದುವರಿಕೆಯಂತೆ ನಿಂತ ಊರು. ಅಲ್ಲೊಂದು ಈಸ್ಟರ್ ದ್ವೀಪದ ಮೊವಾಯಿ ವಿಗ್ರಹವಿದೆ, 1990ರಲ್ಲಿ ಆ ದ್ವೀಪದವರೇ ಬಂದು ಪೆಪೆರೀನೊದಲ್ಲಿ ಕೆತ್ತಿದ್ದು.

ಬೊಮಾರ್ತ್ಸೊದ 'ಪವಿತ್ರ ವನ' ಲಾಂತೆಗೆ ಪೂರ್ತಿ ವಿರುದ್ಧ. ಇಲ್ಲಿ ನೇರ ಗೆರೆಯೇ ಇಲ್ಲ. ವಿಚೀನೊ ಓರ್ಸೀನಿ ಎಂಬ ಯೋಧ-ಜಮೀನುದಾರ ಕಾಡಿನಲ್ಲಿ ಬಿದ್ದಿದ್ದ ಬಂಡೆಗಳನ್ನು ಇದ್ದಲ್ಲಿಯೇ ಕೆತ್ತಿಸಿದ. ಒಂದು ಶಾಸನದಲ್ಲಿ 1552 ಎಂದಿದೆ. ಬಾಯಿ ತೆರೆದ ರಾಕ್ಷಸ, ಒಳಗೆ ಕಲ್ಲಿನ ಮೇಜು. ಬೇಕೆಂದೇ ವಾಲಿಸಿ ಕಟ್ಟಿದ ಮನೆ. ಒಳಗೆ ಹೋದರೆ ತಲೆ ಸುತ್ತಿ ಗೋಡೆ ಹಿಡಿಯಬೇಕು. ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಸೊಂಡಿಲಿನಲ್ಲಿ ಒಬ್ಬ ಸೈನಿಕ. ಆನೆಯನ್ನು ನಾವಿಬ್ಬರೂ ಬಹಳ ಹೊತ್ತು ಪರೀಕ್ಷೆ ಮಾಡಿದೆವು. ಪೋರ್ಚುಗಲ್ಲಿನ ರಾಜ 1514ರಲ್ಲಿ ಪೋಪನಿಗೆ ಭಾರತದಿಂದ ತಂದ ಹಾನೊ ಎಂಬ ಬಿಳಿಯಾನೆಯನ್ನು ಕಾಣಿಕೆ ಕೊಟ್ಟಿದ್ದ. ಅದು ಎರಡೇ ವರ್ಷದಲ್ಲಿ ಸತ್ತಿತು. ಇದನ್ನು ಕೆತ್ತಿದವನು ಆನೆ ನೋಡಿದ್ದನೋ, ಕೇಳಿ ಮಾಡಿದ್ದೋ? ಭಾವನ ತೀರ್ಪು: "ಕಿವಿ ನೋಡಿದವನದ್ದಲ್ಲ." ನನಗೆ ಕಿವಿ ಸರಿಯೇ ಕಂಡಿತು.

ದಿನ 6. ಮಳೆ. ಸೊರಿಯಾನೊ, ಬೀಚ್ ಮರಗಳ ಕಾಡು, ಮಂಜು. ಏನೂ ಕಾಣಲಿಲ್ಲ. ಶೂ ಒದ್ದೆ.

ದಿನ 7. ಕಪ್ರಾರೋಲಾ. ದಾರಿಯ ಎರಡೂ ಕಡೆ ಹೇಝಲ್‌ನಟ್ ತೋಟ, ನಮ್ಮಲ್ಲಿ ಅಡಿಕೆ ಹೇಗೋ ಹಾಗೆ. ಮೊದಲು ವೀಕೊ ಸರೋವರ ನೋಡಿದೆವು, ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ನೀರು. ಅದರ ಕೋಡಿಯೂ ಒಂದು ಸುರಂಗವೇ. ಎಟ್ರುಸ್ಕರದ್ದು ಎನ್ನುತ್ತಾರೆ, 16ನೇ ಶತಮಾನದಲ್ಲಿ ಫರ್ನೇಸೆ ಮನೆತನದವರು ದುರಸ್ತಿ ಮಾಡಿಸಿದರು.

ಅರಮನೆ ಐದು ಮೂಲೆಯದು. ಕೋಟೆಯೆಂದು ಶುರುವಾದ ಅಡಿಪಾಯದ ಮೇಲೆ ವಿನ್ಯೋಲಾ 1559ರಿಂದ ಅರಮನೆ ಎತ್ತಿದ. ನಡುವೆ ದುಂಡಗಿನ ಅಂಗಳ. ಸುರುಳಿ ಮೆಟ್ಟಿಲು, ಭೂಪಟದ ಕೋಣೆ ಎಲ್ಲ ಚೆಂದವೇ. 1574ರ ಆ ಗೋಡೆಯ ಮೇಲೆ ಏಷ್ಯಾ ಹುಡುಕಿ ನಮ್ಮ ಕರಾವಳಿ ಇಲ್ಲಿರಬೇಕು ಎಂದು ಬೆರಳು ತೋರಿಸುವಷ್ಟರಲ್ಲಿ ಹಿಂದಿನ ಗುಂಪು ನಮ್ಮನ್ನು ಮುಂದೆ ತಳ್ಳಿತು. ಸರಪಳಿ ಇರುವುದು ಹಿಂದೆ, ಕಾಡು ದಾಟಿ ಮೇಲಿನ ತೋಟದಲ್ಲಿ. ಇಲ್ಲಿ ಸೀಗಡಿಯ ಬದಲು ಡಾಲ್ಫಿನ್‌ಗಳು, ಇಕ್ಕೆಲದಲ್ಲಿ ನಡೆಯಲು ಇಳಿಜಾರು ಹಾದಿ. ನೋಟ ಲಾಂತೆಗಿಂತ ಗಂಭೀರ. ಆದರೆ ನನ್ನ ಹತ್ತಡಿಯ ಇಳಿಜಾರಿಗೆ ಲಾಂತೆಯದೇ ಸರಿ ಎಂದು ತೀರ್ಮಾನವಾಯಿತು.

ಈಗ ಕೆಲಸದ ಸ್ಥಿತಿ. ಊರಿಗೆ ಬಂದವನೇ ಹಳೆ ಕೊಡಪಾನವನ್ನು ಮಣ್ಣಿನಲ್ಲಿ ಅರ್ಧ ಹೂತು ಅಚ್ಚು ಮಾಡಿದೆ. ಸಿಮೆಂಟಿಗೆ ಮುರಕಲ್ಲಿನ ಪುಡಿ ಬೆರೆಸಿ ಏಳು ತುಂಡು ಎರಕ ಹೊಯ್ದದ್ದಾಗಿದೆ. ಎರಡು ಬಿಚ್ಚುವಾಗ ಒಡೆದವು. ಕುತ್ತಿಗೆ ಮೊದಲು ನಾಲ್ಕು ಬೆರಳು ಬಿಟ್ಟೆ, ಸಾಲಲಿಲ್ಲ. ಎರಡು ಬೆರಳಿಗೆ ಇಳಿಸಿದಾಗ ನೀರು ಎದ್ದಿತು. ಸದ್ದು ಮನೆಯ ಜಗಲಿಗೆ ಕೇಳುವಷ್ಟಿದೆ. ಮೂರು ತುಂಡು ಕೂರಿಸಿದ್ದೇನೆ, ನಾಲ್ಕನೆಯದರ ಸಂದಿನಲ್ಲಿ ಸೋರುತ್ತಿದೆ. ಅಷ್ಟರಲ್ಲಿ ಮಳೆ ಹಿಡಿಯಿತು, ಸುರಂಗದ ನೀರು ಕೆಂಪಾಗಿ ದಪ್ಪಗೆ ಬರುತ್ತಿದೆ. ಈಗ ಯಾವ ಅಳತೆಯೂ ನಂಬಲಿಕ್ಕಿಲ್ಲ. ಉಳಿದ ತುಂಡುಗಳು ಕೊಟ್ಟಿಗೆಯಲ್ಲಿ ಗೋಣಿಯ ಕೆಳಗಿವೆ. ಮುಂದಿನ ದಾಖಲೆ ದೀಪಾವಳಿ ಕಳೆದ ಮೇಲೆ.

ಅಮ್ಮ ಮಾತ್ರ ಕಾಯಲಿಲ್ಲ. ಮೊನ್ನೆ ಬೆಳಿಗ್ಗೆ ಎರಡನೇ ಹೊಟ್ಟೆಯಲ್ಲಿ ಹರಿವೆ ಸೊಪ್ಪು ತೊಳೆಯುತ್ತಿದ್ದರು. "ಇದನ್ನು ಇನ್ನೂ ಸ್ವಲ್ಪ ಅಗಲ ಮಾಡಬಹುದಿತ್ತು" ಎಂದರು.