ಸೀಮೆಸುಣ್ಣದ ಒಂಟೆ

ಗಣಿತ ವಿಭಾಗದ ಕೊಠಡಿಯಲ್ಲಿದ್ದ ಚದುರಂಗದ ಕಾಯಿಗಳಲ್ಲಿ ಒಂದು ಬಿಳಿ ಒಂಟೆ ನಾವು ಕಾಲೇಜಿಗೆ ಸೇರುವ ಮೊದಲೇ ಕಳೆದುಹೋಗಿತ್ತು. ಅದರ ಬದಲಿಗೆ ನಮ್ಮ ಗಣಿತದ ಮೇಷ್ಟ್ರು ಸಿ 1ರ ಮನೆಯಲ್ಲಿ ಸೀಮೆಸುಣ್ಣದ ತುಂಡೊಂದನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. (ಮಣೆಯ ಮನೆಗಳನ್ನು ಬಿಳಿಯ ಕಡೆಯಿಂದ ಉದ್ದಸಾಲಿಗೆ ಎ, ಬಿ, ಸಿ ಎಂದೂ ಅಡ್ಡಸಾಲಿಗೆ 1, 2, 3 ಎಂದೂ ಗುರುತಿಸುತ್ತಾರೆ.) 1995ರ ಮಳೆಗಾಲದಲ್ಲಿ, ಎರಡನೆಯ ಬಿ.ಎಸ್ಸಿ.ಯಲ್ಲಿದ್ದಾಗ, ಗ್ಯಾಂಬಿಟ್, ಅಂದರೆ ಆಟದ ಆರಂಭದಲ್ಲೇ ಕಾಯಿಯೊಂದನ್ನು ಬೇಕೆಂದೇ ಬಿಟ್ಟುಕೊಡುವ ತಂತ್ರ, ಎಂದರೇನೆಂಬುದು ನನಗೆ ನಿಜವಾಗಿ ತಿಳಿದದ್ದು ಆ ಮಣೆಯ ಮುಂದೆ.

ತಿಳಿದಿದೆ ಎಂದು ಅದಕ್ಕೂ ಮೊದಲೇ ನಾನು ಭಾವಿಸಿದ್ದೆ. ವೇಲ್ಸ್‌ನ ಹಡಗಿನ ಕಪ್ತಾನ ವಿಲಿಯಂ ಡೇವಿಸ್ ಇವಾನ್ಸ್ 1820ರ ದಶಕದಲ್ಲಿ ಕಂಡುಕೊಂಡ, ಈಗಲೂ ಅವನ ಹೆಸರಿನಲ್ಲೇ ನಡೆಯುವ ಆರಂಭವನ್ನು ನಾನು ಬಾಯಿಪಾಠ ಮಾಡಿದ್ದೆ. ಎರಡೂ ಕಡೆಯ ರಾಜನ ಮುಂದಿನ ಕಾಲಾಳುಗಳು ಎರಡೆರಡು ಮನೆ ಮುಂದೆ ಬರುತ್ತವೆ. ಬಿಳಿಯ ಕುದುರೆ ಎಫ್ 3ಕ್ಕೂ ಕಪ್ಪಿನ ಕುದುರೆ ಸಿ 6ಕ್ಕೂ ಹಾರುತ್ತವೆ. ಒಂಟೆಗಳು ಸಿ 4 ಮತ್ತು ಸಿ 5ರಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ನಾಲ್ಕನೆಯ ನಡೆಯಲ್ಲಿ ಬಿಳಿಯವನು ತನ್ನ ಕಾಲಾಳನ್ನು ಬಿ 4ಕ್ಕೆ ತಳ್ಳಿ, ಅದನ್ನು ಕಪ್ಪು ಒಂಟೆಯ ಬಾಯಿಗೇ ಒಡ್ಡುತ್ತಾನೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು, ನುಂಗಿದವನು ಸತ್ತ ಎಂಬುದೇ ನನ್ನ ಎಣಿಕೆಯಾಗಿತ್ತು.

ಆ ವರ್ಷದ ಅಂತರಕಾಲೇಜು ಪಂದ್ಯದಲ್ಲಿ ಎದುರಾಳಿ ಕಾಲಾಳನ್ನು ಸಮಾಧಾನವಾಗಿ ಹೊಡೆದ. ನಾನು ಸಿ 3ಕ್ಕೆ ಕಾಲಾಳು ನಡೆಸಿದಾಗ ಒಂಟೆಯನ್ನು ಎ 5ಕ್ಕೆ ಸರಿಸಿದ. ನಾನು ಡಿ 4 ಆಡಿದ್ದಕ್ಕೆ ಡಿ 6 ಎಂದ. ನಾನು ಕ್ಯಾಸ್ಲಿಂಗ್ ಮಾಡಿದ, ಅಂದರೆ ರಾಜನನ್ನು ಆನೆಯತ್ತ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಬದಿಗೆ ಇಟ್ಟ, ಕೂಡಲೇ ಒಂಟೆಯನ್ನು ಬಿ 6ಕ್ಕೆ ಹಿಂದೆಗೆದುಕೊಂಡ. ಕೊಟ್ಟ ಕಾಲಾಳು ಮರಳಿ ಸಿಗುವ ದಾರಿ ಕಂಡಿತೆಂಬ ಆತುರದಲ್ಲಿ ನಾನು ಇ 5ರಲ್ಲಿ ಹೊಡೆದೆ, ಮಂತ್ರಿಗಳೆರಡೂ ಬದಲಾಗಿ ಹೋದವು, ಹತ್ತನೆಯ ನಡೆಗೆ ನನ್ನ ಕುದುರೆ ಕಾಲಾಳನ್ನು ವಾಪಸು ಪಡೆಯಿತು. ಲೆಕ್ಕ ಸರಿಹೋಯಿತು, ಆದರೆ ದಾಳಿ ಮಾಡಲು ಏನೂ ಉಳಿದಿರಲಿಲ್ಲ. ನನ್ನ ಎ ಮತ್ತು ಸಿ ಸಾಲಿನ ಕಾಲಾಳುಗಳು ಅಕ್ಕಪಕ್ಕದಲ್ಲಿ ಯಾರೂ ಇಲ್ಲದೆ ಒಂಟಿಯಾಗಿ ನಿಂತಿದ್ದವು. ಅವನ ಸಾಲು ಹಾಗೇ ಇತ್ತು. ಆಟ ಸೋತೆ. ವಿಶ್ವ ಚಾಂಪಿಯನ್ ಆಗಿದ್ದ ಎಮಾನುವೆಲ್ ಲಾಸ್ಕರ್ ಹೆಸರಿನ ರಕ್ಷಣೆ ಅದು ಎಂದು ಮರುದಿನ ಮೇಷ್ಟ್ರು ಹೇಳಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ಇಷ್ಟೇ: "ಕೊಟ್ಟಿದ್ದು ಯಾತಕ್ಕಪ್ಪ, ತಿರುಗಿ ಇಸ್ಕೊಂಡಿದ್ದು ಯಾತಕ್ಕೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕಪಾಟಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದರು. ಅದೇ ಏಪ್ರಿಲ್‌ನಲ್ಲಿ ಲಾಟ್ವಿಯಾದ ರಿಗಾದಲ್ಲಿ, ಮಿಖಾಯಿಲ್ ತಾಲ್ ಸ್ಮರಣಾರ್ಥ ನಡೆದ ಪಂದ್ಯಾವಳಿಯಲ್ಲಿ, ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಈ ಹಳೆಯ ಗ್ಯಾಂಬಿಟ್ಟನ್ನೇ ವಿಶ್ವನಾಥನ್ ಆನಂದ್ ಮೇಲೆ ಪ್ರಯೋಗಿಸಿ 25 ನಡೆಗಳಲ್ಲಿ ಗೆದ್ದಿದ್ದರು. ಆನಂದ್ ಸೋತ ಆಟವನ್ನು ನೋಡಲು ನಮಗ್ಯಾರಿಗೂ ಮನಸ್ಸಿರಲಿಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಮೇಷ್ಟ್ರು ಮಾತ್ರ ನಿಧಾನವಾಗಿ ಒಂದೊಂದೇ ನಡೆ ಆಡಿಸುತ್ತ, ಕಪ್ಪಿನ ಕಡೆಯಲ್ಲಿ ಯಾವ ಕಾಯಿ ಎಷ್ಟು ಸಲ ನಡೆಯಿತೆಂದು ಹಲಗೆಯ ಮೇಲೆ ಗೆರೆ ಎಳೆಯಲು ನನಗೆ ಹೇಳಿದರು.

ಹದಿನಾಲ್ಕು ನಡೆ ಮುಗಿದಾಗ ಹಲಗೆ ನೋಡಿದೆ. ಕುದುರೆಗಳೆರಡಕ್ಕೂ ಸೇರಿ ಏಳು ಗೆರೆ, ಒಂದೇ ಒಂಟೆಗೆ ಮೂರು. ಉಳಿದ ನಾಲ್ಕು ಕಾಲಾಳುಗಳದ್ದು. ಎಲ್ಲಿಯೂ ನಿಲ್ಲಲು ಬಿಡದೆ ಅವೇ ಕಾಯಿಗಳನ್ನು ಓಡಾಡಿಸಿದ್ದರಿಂದ ಕಪ್ಪಿನ ಆನೆಗಳು, ಮಂತ್ರಿ, ರಾಜ ಇದ್ದಲ್ಲಿಯೇ ಇದ್ದರು. ಈ ಹೊತ್ತಿಗೆ ಕಾಸ್ಪರೋವ್ ಮಂತ್ರಿಯನ್ನು ಜಿ 3ಕ್ಕೆ ತಂದು, ಕ್ಯಾಸ್ಲಿಂಗ್ ಮುಗಿಸಿ, ಆನೆಯನ್ನು ಡಿ ಸಾಲಿಗೆ ತಂದಾಗಿತ್ತು. ಕಾಲಾಳನ್ನು ಕೊಟ್ಟು ಅವರು ಕೊಂಡದ್ದು ಹೊತ್ತನ್ನು. ನಾನು ಅದೇ ಹೊತ್ತನ್ನು ಕೈಯಾರೆ ಹಿಂತಿರುಗಿಸಿ ಕಾಲಾಳನ್ನು ವಾಪಸು ಇಸಿದುಕೊಂಡಿದ್ದೆ.

ಹದಿನೈದನೆಯ ನಡೆಯಲ್ಲಿ ಮೇಷ್ಟ್ರು ಸೀಮೆಸುಣ್ಣದ ತುಂಡನ್ನು ಸಿ 1ರಿಂದ ಎಚ್ 6ಕ್ಕೆ ಒಯ್ದು ಊರಿದರು. ಜಿ ಕಾಲಾಳು ಮೊದಲೇ ಮುಂದೆ ಹೋಗಿದ್ದರಿಂದ ಆ ಒಂಟೆಯ ಕಣ್ಣು ನೇರವಾಗಿ ಎಫ್ 8ರ ಮೇಲೆ ಬಿತ್ತು. ಕಪ್ಪು ರಾಜ ಆ ಮನೆಯನ್ನು ದಾಟಿ ಕ್ಯಾಸ್ಲಿಂಗ್ ಮಾಡುವಂತಿರಲಿಲ್ಲ. ಇ 5ರ ಕಾಲಾಳೂ ಹೋಯಿತು, ಕಾಸ್ಪರೋವ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ಇಪ್ಪತ್ತನೆಯ ನಡೆಯಲ್ಲಿ ಕಪ್ಪು ಕುದುರೆ ಆ ಒಂಟೆಯನ್ನು ಹೊಡೆದಾಗ ಮಂತ್ರಿ ಬಂದು ಕುದುರೆಯನ್ನು ಹೊಡೆಯಿತು. ಆನಂದ್ ಆಟ ಬಿಟ್ಟುಕೊಟ್ಟ ಸ್ಥಿತಿಯಲ್ಲಿ ನಾನು ಎರಡು ಸಲ ಎಣಿಸಿದೆ: ಗೆದ್ದವರ ಬಳಿ ಎರಡು ಕಾಲಾಳು ಕಡಿಮೆ ಇದ್ದವು. ಕಪ್ಪಿನ ಎರಡೂ ಆನೆಗಳು ಮೂಲೆಯಿಂದ ಅಲುಗಿರಲಿಲ್ಲ. ಆಡಿದ 24 ನಡೆಗಳಲ್ಲಿ 11 ಕುದುರೆಗಳದ್ದೇ ಆಗಿದ್ದವು.

ಗಂಟೆ ಹೊಡೆಯಿತು. ಮೇಷ್ಟ್ರು ಹೊಡೆತ ತಿಂದು ಪಕ್ಕದಲ್ಲಿ ಬಿದ್ದಿದ್ದ ಒಂಟೆಯನ್ನು ಎತ್ತಿಕೊಂಡು ಮುಂದಿನ ತರಗತಿಯಲ್ಲಿ ಕಲನಶಾಸ್ತ್ರ ಬರೆಯಲು ಹೋದರು. ಎಚ್ 6ರ ಕಪ್ಪು ಮನೆಯಲ್ಲಿ ಅದರ ದುಂಡನೆಯ ಬಿಳಿ ಗುರುತು ಉಳಿದಿತ್ತು. ಕಾಯಿಗಳನ್ನು ಡಬ್ಬಿಗೆ ತುಂಬುವಾಗ ಅದನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ.