ಆಫ್ರಿಕಾದ ಸಿನಿಮಾ ಪಟ್ಟಿ: ಮೊದಲ ಸ್ಥಾನ ಬದಲಾಗಿದೆ

ನನ್ನ ಪಟ್ಟಿಯ ಮೊದಲ ಸ್ಥಾನ ಬಹಳ ಕಾಲದಿಂದ ಅಲುಗಾಡಿರಲಿಲ್ಲ. ಈ ಸಲ ಅಲುಗಾಡಿದೆ. ಸೆನೆಗಲ್‌ನ ಜಿಬ್ರಿಲ್ ಜೋಪ್ ಮಾಂಬೆಟಿ ಅವರ ‘ಟೂಕಿ ಬೂಕಿ’ ಎರಡಕ್ಕೆ ಇಳಿದಿದೆ. ಅದೇ ದೇಶದ ಉಸ್ಮಾನ್ ಸೆಂಬೇನ್ ಅವರ ‘ಮಂದಾಬಿ’ ಒಂದಕ್ಕೆ ಏರಿದೆ. ಯಾಕೆ ಅಂತ ಬರೆಯುತ್ತೇನೆ. ಅದಕ್ಕೂ ಮೊದಲು, ಈ ಸವಾಲಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು.

ಸವಾಲು ಇಷ್ಟೇ. ಆಫ್ರಿಕಾ ಖಂಡದ ದೇಶಗಳ ಸಿನಿಮಾಗಳನ್ನು ಸಿಕ್ಕಷ್ಟು ನೋಡಬೇಕು. ನೋಡಿದ ಪ್ರತಿಯೊಂದನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಬೇಕು. ಎರಡು ಸಿನಿಮಾಗಳಿಗೆ ಒಂದೇ ಸ್ಥಾನ ಕೊಡುವಂತಿಲ್ಲ. ಸ್ಟಾರ್, ಅಂಕ ಯಾವುದೂ ಇಲ್ಲ. ಹೊಸದು ಬಂದಾಗ ಹಳೆಯದರ ಪಕ್ಕ ಇಟ್ಟು, ಯಾವುದು ಮೇಲೆ ಅಂತ ನಿರ್ಧರಿಸಲೇಬೇಕು. ಇರಾನ್, ಜಪಾನ್, ಕೊರಿಯಾದ ಸಿನಿಮಾಗಳ ಬಗ್ಗೆ ನಮ್ಮಲ್ಲಿ ಮಾತು ಸಾಕಷ್ಟಿದೆ. ಆಫ್ರಿಕಾದ 54 ದೇಶಗಳ ಬಗ್ಗೆ ಅಷ್ಟು ಮಾತು ಕೇಳಿರಲಿಲ್ಲ. ಅದಕ್ಕೇ ಆ ಕಡೆ ಹೊರಟೆ.

ಶುರುವಿನಲ್ಲಿ ನಟನೆ, ಕ್ಯಾಮೆರಾ, ಕತೆ ಎಂದು ಎಲ್ಲವನ್ನೂ ತೂಗಿ ನೋಡುತ್ತಿದ್ದೆ. ನೋಡುತ್ತಾ ಹೋದಂತೆ ಒಂದೇ ಪ್ರಶ್ನೆ ಉಳಿದುಕೊಂಡಿತು. ಈ ಸಿನಿಮಾ ಯಾರ ಜೊತೆ ಮಾತಾಡುತ್ತಿದೆ? ತನ್ನೂರಿನವರ ಜೊತೆಯಾ, ಇಲ್ಲಾ ದೂರದಲ್ಲಿ ಕೂತು ಆ ಊರನ್ನು ನೋಡುವವರ ಜೊತೆಯಾ?

ಅಲ್ಲಿನ ಸಿನಿಮಾ ಹುಟ್ಟಿದ್ದೇ ಈ ಪ್ರಶ್ನೆಯ ಜೊತೆ. ಫ್ರಾನ್ಸ್ 1934ರಲ್ಲಿ ಲಾವಾಲ್ ಆದೇಶ ಎಂಬುದನ್ನು ತಂದಿತ್ತು. ಅದರ ಪ್ರಕಾರ ಸೆನೆಗಲ್ ಸೇರಿದಂತೆ ಆಫ್ರಿಕಾದ ತನ್ನ ವಸಾಹತುಗಳಲ್ಲಿ ಸರ್ಕಾರದ ಅನುಮತಿ ಇಲ್ಲದೆ ಯಾರೂ ಸಿನಿಮಾ ತೆಗೆಯುವಂತಿರಲಿಲ್ಲ. ಪಶ್ಚಿಮ ಆಫ್ರಿಕಾದ ನಿರ್ದೇಶಕ ಪೋಲಾನ್ ವಿಯೆರಾ ಮತ್ತು ಅವರ ಗೆಳೆಯರು 1955ರಲ್ಲಿ ತಮ್ಮ ಕಿರುಚಿತ್ರ ತೆಗೆದದ್ದು ಪ್ಯಾರಿಸ್‌ನಲ್ಲಿ. ತಮ್ಮ ನೆಲದಲ್ಲಿ ತಮ್ಮವರನ್ನೇ ಚಿತ್ರೀಕರಿಸುವ ಹಕ್ಕು ಅವರಿಗಿರಲಿಲ್ಲ.

ಸೆಂಬೇನ್ ಬರುವುದು ಈ ಹಿನ್ನೆಲೆಯಲ್ಲಿ. ಹುಟ್ಟಿದ್ದು 1923ರಲ್ಲಿ, ದಕ್ಷಿಣ ಸೆನೆಗಲ್‌ನ ಜಿಗಿಂಶೋರ್‌ನಲ್ಲಿ. ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಹಡಗಿನ ಸರಕು ಹೊತ್ತರು, ಕಾರ್ಮಿಕ ಸಂಘದಲ್ಲಿ ದುಡಿದರು, ಕಾದಂಬರಿ ಬರೆದರು. ಕಾದಂಬರಿಗಳೆಲ್ಲ ಫ್ರೆಂಚ್‌ನಲ್ಲಿ. ಯಾರ ಬಗ್ಗೆ ಬರೆದಿದ್ದರೋ ಅವರಲ್ಲಿ ಹೆಚ್ಚಿನವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಹಾಗಾಗಿ ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. ಓದಲು ಬಾರದವರಿಗೂ ಸಿನಿಮಾ ತಲುಪುತ್ತದೆ ಎಂಬ ನಂಬಿಕೆ ಅವರದು. 1963ರಲ್ಲಿ ಸೆನೆಗಲ್‌ನ ರಾಜಧಾನಿ ಡಾಕರ್‌ನ ಗಾಡಿ ಹೊಡೆಯುವವನೊಬ್ಬನ ಒಂದು ದಿನವನ್ನು ಇಪ್ಪತ್ತು ನಿಮಿಷದಲ್ಲಿ ಹೇಳುವ ‘ಬೋರೋಮ್ ಸಾರೆ’. 1966ರಲ್ಲಿ ‘ಬ್ಲ್ಯಾಕ್ ಗರ್ಲ್’. ಇದರಲ್ಲಿ ಡಾಕರ್‌ನ ಹುಡುಗಿ ಜೂವಾನಾ ಮನೆಗೆಲಸಕ್ಕೆಂದು ಫ್ರಾನ್ಸಿಗೆ ಹೋಗಿ ಒಂದು ಫ್ಲ್ಯಾಟ್‌ನೊಳಗೆ ಉಸಿರುಗಟ್ಟುತ್ತಾಳೆ. ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗ ಮುಖವಾಡ ಹಾಕಿಕೊಂಡು ಅವಳನ್ನು ಕೆಲಸಕ್ಕಿಟ್ಟಿದ್ದ ಯಜಮಾನನ ಹಿಂದೆ ಹಿಂದೆಯೇ ನಡೆದು ಬರುತ್ತಾನೆ. ಆ ಭಾಗವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದರೂ ಜೂವಾನಾಳ ಮನಸ್ಸಿನ ಮಾತುಗಳು ಇಡೀ ಸಿನಿಮಾದಲ್ಲಿ ಫ್ರೆಂಚ್‌ನಲ್ಲೇ ಕೇಳಿಸುತ್ತವೆ.

1968ರ ‘ಮಂದಾಬಿ’ಯಲ್ಲಿ ಜನ ವೊಲೊಫ್‌ನಲ್ಲಿ ಮಾತಾಡುತ್ತಾರೆ. ಪಶ್ಚಿಮ ಆಫ್ರಿಕಾದ ಜನಭಾಷೆಯೊಂದರಲ್ಲಿ ಪೂರ್ಣಪ್ರಮಾಣದ ಕಥಾಚಿತ್ರ ಬಂದದ್ದು ಅದೇ ಮೊದಲು. ಕತೆ ಒಂದು ಮನಿಯಾರ್ಡರ್‌ದು. ಕೆಲಸವಿಲ್ಲದ ಇಬ್ರಾಹಿಂ ಡಿಯೆಂಗ್‌ಗೆ ಪ್ಯಾರಿಸ್‌ನಲ್ಲಿ ಬೀದಿ ಗುಡಿಸುವ ಅಕ್ಕನ ಮಗ 25,000 ಫ್ರಾಂಕ್ ಕಳಿಸುತ್ತಾನೆ. ದುಡ್ಡು ಬಿಡಿಸಿಕೊಳ್ಳಲು ಗುರುತಿನ ಚೀಟಿ ಬೇಕು. ಅದಕ್ಕೆ ಜನನ ಪತ್ರ ಬೇಕು, ಫೋಟೊ ಬೇಕು. ದುಡ್ಡು ಕೈಗೆ ಬರುವ ಮೊದಲೇ ಊರಿಗೆಲ್ಲ ಸುದ್ದಿ ಹಬ್ಬಿರುತ್ತದೆ. ಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ, ಅಂಗಡಿಯಲ್ಲಿ ಉದ್ದರಿ ಬೆಳೆಯುತ್ತದೆ.

ಇದನ್ನು ಎರಡನೇ ಸಲ ನೋಡುವಾಗ ಅಪ್ಪ ಪಕ್ಕದಲ್ಲಿ ಕೂತಿದ್ದರು. ಅವರಿಗೆ ಸಬ್‌ಟೈಟಲ್ ಓದಲು ಆಗುವುದಿಲ್ಲ. ಮೊದಲ ಹತ್ತು ನಿಮಿಷ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಆಮೇಲೆ, “ಸಾಕು ಬಿಡಪ್ಪ, ಗೊತ್ತಾಗುತ್ತೆ” ಎಂದರು. ಇಬ್ರಾಹಿಂ ಒಂದು ಕೌಂಟರ್‌ನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ, “ನಾಳೆ ಬಾ ಅಂತಾನೆ ನೋಡು” ಎನ್ನುತ್ತಿದ್ದರು. ನಿಜವಾಗಿಯೂ ಹಾಗೇ ಆಗುತ್ತಿತ್ತು. ಡಾಕರ್‌ನ ಜನಕ್ಕೆಂದೇ ತೆಗೆದ ಸಿನಿಮಾ ಚಳ್ಳಕೆರೆಯ ಅಪ್ಪನಿಗೆ ಇಷ್ಟು ಸಲೀಸಾಗಿ ಅರ್ಥವಾಯಿತು. ಅದು ಯಾರಿಗೂ ಏನನ್ನೂ ಬಿಡಿಸಿ ಹೇಳಲು ನಿಲ್ಲುವುದಿಲ್ಲ. ಇಬ್ರಾಹಿಂನ ಜಂಬ, ಅವನ ಇಬ್ಬರು ಹೆಂಡಂದಿರ ಜಾಣತನ, ಉಂಡ ಮೇಲಿನ ತೇಗು, ಎಲ್ಲವೂ ಅಕ್ಕಪಕ್ಕದ ಮನೆಯವರಿಗೆ ಗೊತ್ತಿರುವಷ್ಟು ಸಹಜವಾಗಿವೆ. ಅವತ್ತು ರಾತ್ರಿಯೇ ಪಟ್ಟಿ ತಿದ್ದಿದೆ.

‘ಟೂಕಿ ಬೂಕಿ’ಯ ಮೇಲಿನ ಪ್ರೀತಿ ಚೂರೂ ಕಮ್ಮಿಯಾಗಿಲ್ಲ. 1973ರ ಸಿನಿಮಾ ಅದು. ಬೈಕಿನ ಮುಂದೆ ಕೊಂಬಿನ ತಲೆಬುರುಡೆ ಕಟ್ಟಿಕೊಂಡು ತಿರುಗುವ ಮೋರಿ, ಕಾಲೇಜು ಓದುವ ಆಂತಾ, ಇಬ್ಬರಿಗೂ ಪ್ಯಾರಿಸ್‌ಗೆ ಹೋಗುವ ಆಸೆ. ದೃಶ್ಯಗಳು ಹಿಂದುಮುಂದಾಗಿ ಬರುತ್ತವೆ, ಶಬ್ದ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಪ್ಯಾರಿಸ್ಸನ್ನು ಹೊಗಳುವ ಹಾಡೊಂದು ಪದೇ ಪದೇ ಬರುತ್ತದೆ. ಪ್ರತಿ ಸಲ ಕೇಳಿದಾಗಲೂ ಅದು ಇನ್ನಷ್ಟು ಟೊಳ್ಳಾಗಿ ಕೇಳಿಸುತ್ತದೆ. ಮಾಂಬೆಟಿ ಮಾಡಿದ್ದು ಎರಡೇ ಪೂರ್ಣ ಕಥಾಚಿತ್ರಗಳು. ಎರಡನೆಯದು 1992ರ ‘ಹೈನಾಸ್’, ನನ್ನ ಪಟ್ಟಿಯಲ್ಲಿ ಅದೂ ಮೇಲೇ ಇದೆ. 1998ರಲ್ಲಿ ಅವರು ತೀರಿಕೊಂಡ ಮೇಲೆ ಬಂದ 45 ನಿಮಿಷದ ‘ಸೂರ್ಯನನ್ನು ಮಾರುವ ಪುಟ್ಟ ಹುಡುಗಿ’ಯನ್ನು ಯಾರಾದರೂ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ಮೊದಲು ಹೇಳುತ್ತೇನೆ. ಊರುಗೋಲು ಹಿಡಿದು ಪೇಪರ್ ಮಾರುವ ಸಿಲಿ ಎಂಬ ಹುಡುಗಿಯ ಕತೆ. ಕರುಣೆಗಾಗಿ ಒಂದು ಕ್ಷಣವೂ ಕೈಚಾಚುವುದಿಲ್ಲ.

ಮೂರನೇ ಸ್ಥಾನ ಮತ್ತೆ ಸೆಂಬೇನ್ ಅವರಿಗೇ. 2004ರ ‘ಮೂಲಾದೆ’, ಅವರ ಕೊನೆಯ ಸಿನಿಮಾ. ಹೆಣ್ಣುಮಕ್ಕಳ ಅಂಗಛೇದದ ಪದ್ಧತಿಗೆ ಹೆದರಿ ಓಡಿಬಂದ ಪುಟ್ಟ ಹುಡುಗಿಯರಿಗೆ ಕೋಲೆ ಎಂಬ ಹೆಂಗಸು ಆಶ್ರಯ ಕೊಡುತ್ತಾಳೆ. ಆಶ್ರಯದ ಗುರುತಾಗಿ ಬಾಗಿಲಿಗೆ ಅಡ್ಡಲಾಗಿ ಬಣ್ಣದ ನೂಲಿನ ಒಂದು ಹಗ್ಗ ಕಟ್ಟುತ್ತಾಳೆ, ಅಷ್ಟೇ. ಅದನ್ನು ದಾಟುವ ಧೈರ್ಯ ಊರಿನ ಯಾವ ಗಂಡಸಿಗೂ ಇಲ್ಲ. ಹೊರಗಿನ ಮಾತು ಕೇಳಿ ಹೆಂಗಸರು ಕೆಟ್ಟರು ಎಂದು ಗಂಡಸರು ರೇಡಿಯೊಗಳನ್ನೆಲ್ಲ ಕಸಿದು ಮಸೀದಿಯ ಮುಂದೆ ಗುಡ್ಡೆ ಹಾಕಿ ಸುಡುತ್ತಾರೆ. ಸುಡುವ ಗುಡ್ಡೆಯಲ್ಲಿ ಕೆಲವು ಇನ್ನೂ ಹಾಡುತ್ತಿರುತ್ತವೆ. ಎಂಬತ್ತು ದಾಟಿದ ವಯಸ್ಸಿನಲ್ಲಿ ಇಷ್ಟು ಸಿಟ್ಟು, ಇಷ್ಟು ನಗು ಒಟ್ಟಿಗೆ ತರುವುದು ಸಾಮಾನ್ಯವಲ್ಲ.

ಈ ಸುತ್ತಿನಲ್ಲಿ ಹೊಸದಾಗಿ ಸೇರಿದವುಗಳಲ್ಲಿ ಎಲ್ಲಕ್ಕಿಂತ ಮೇಲೆ ಕೂತದ್ದು ಸಾರಾ ಮಾಲ್ದೊರೊರ್ ಅವರ ‘ಸಾಂಬಿಜಾಂಗಾ’, 1972ರದು. ಕತೆ ನಡೆಯುವ ಅಂಗೋಲಾ ಆಗ ಇನ್ನೂ ಪೋರ್ಚುಗಲ್ ಕೈಯಲ್ಲಿತ್ತು, ಸ್ವಾತಂತ್ರ್ಯ ಬಂದದ್ದು 1975ರಲ್ಲಿ. ಹಾಗಾಗಿ ಚಿತ್ರೀಕರಣ ನಡೆದದ್ದು ಕಾಂಗೊದಲ್ಲಿ. ಪೊಲೀಸರು ಎಳೆದುಕೊಂಡು ಹೋದ ಗಂಡನನ್ನು ಹುಡುಕುತ್ತಾ ಮರಿಯಾ ಬೆನ್ನಿಗೆ ಮಗು ಕಟ್ಟಿಕೊಂಡು ನಡೆಯುತ್ತಾಳೆ. ಸಿನಿಮಾದ ಬಹುಪಾಲು ಆ ನಡಿಗೆಯೇ. ಜೈಲಿನೊಳಗಿನ ಹಿಂಸೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ದಾರಿಯುದ್ದಕ್ಕೂ ಅವಳ ಕೈಹಿಡಿಯುವ ಹೆಂಗಸರು. ಅವರು ಮಗುವನ್ನು ಎತ್ತಿಕೊಳ್ಳುತ್ತಾರೆ, ಅವಳನ್ನು ಕೂರಿಸುತ್ತಾರೆ, ಅಳಲು ಬಿಡುತ್ತಾರೆ.

ಸಾಫಿ ಫಾಯ್ ಅವರ 1975ರ ‘ಕದ್ದು ಬೇಕಾತ್’ ಶೇಂಗಾ ಬೆಳೆಯುವ ಊರಿನ ಸಿನಿಮಾ. ಫ್ರೆಂಚರು ಬಲವಾಗಿ ಬೇರೂರಿಸಿದ ಶೇಂಗಾ ಬೇಸಾಯವನ್ನೇ ಸೆನೆಗಲ್‌ನ ರೈತರು ಸ್ವಾತಂತ್ರ್ಯದ ನಂತರವೂ ನೆಚ್ಚಿಕೊಂಡಿದ್ದರು. ಮಳೆ ಕೈಕೊಟ್ಟರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಎನ್ಗೋರ್ ಎಂಬ ಹುಡುಗನಿಗೆ ಮದುವೆ ಇಲ್ಲ. ಅವನು ಕೆಲಸ ಹುಡುಕಿ ಡಾಕರ್‌ಗೆ ಹೋಗುತ್ತಾನೆ. ಇಡೀ ಸಿನಿಮಾ ಊರಿನಿಂದ ಬರೆದ ಕಾಗದದ ಹಾಗೆ ನಿಧಾನವಾಗಿ ಸಾಗುತ್ತದೆ. ಶೇಂಗಾ ಸೀಮೆಯಲ್ಲಿ ಬೆಳೆದವನಾದ್ದರಿಂದ ರೈತರು ಮರದ ಕೆಳಗೆ ಕೂತು ಸಾಲದ ಲೆಕ್ಕ ಮಾತಾಡುವ ದೃಶ್ಯ ನನಗೆ ತುಂಬ ಹತ್ತಿರವಾಯಿತು. ಆ ಹತ್ತಿರವನ್ನೂ ಸೇರಿಸಿಯೇ ಸ್ಥಾನ ಕೊಟ್ಟಿದ್ದೇನೆ.

ಹೈಲೆ ಗೆರಿಮಾ ಅವರ ‘ಹಾರ್ವೆಸ್ಟ್: 3000 ಇಯರ್ಸ್’ ನೋಡಲು ತಾಳ್ಮೆ ಬೇಕು. ಇಥಿಯೋಪಿಯಾದ ಜಮೀನ್ದಾರ, ಅವನ ಗೇಣಿದಾರ ಕುಟುಂಬ, ಎರಡೂವರೆ ಗಂಟೆಯ ಕಪ್ಪು-ಬಿಳುಪು. ನಮ್ಮ ‘ಚೋಮನ ದುಡಿ’ ಸಿನಿಮಾ 1975ರದು, ಇದು 1976ರದು. ನೆಲ ಯಾರದು ಎಂಬ ಮಾತನ್ನು ಎರಡು ಊರುಗಳು ಒಂದೇ ಹೊತ್ತಿನಲ್ಲಿ ಆಡಿವೆ ಅಲ್ವಾ? ಮೇಲಿನ ಹತ್ತರೊಳಗೆ ಇದೆ, ಸದ್ಯಕ್ಕೆ ಅಲ್ಲೇ ಇರುತ್ತದೆ.

ಅಬ್ದರ್‌ರಹಮಾನ್ ಸಿಸಾಕೊ ಅವರ ಎರಡು ಸಿನಿಮಾಗಳ ವಿಷಯದಲ್ಲಿ ಗೆಳೆಯರು ನನ್ನ ಜೊತೆ ಜಗಳಕ್ಕೇ ಬಂದಿದ್ದಾರೆ. 2014ರ ‘ಟಿಂಬಕ್ಟು’ ಹೆಚ್ಚು ಜನ ನೋಡಿರುವಂಥದ್ದು. ಫುಟ್‌ಬಾಲ್ ನಿಷೇಧಿಸಿದ ಊರಿನಲ್ಲಿ ಹುಡುಗರು ಚೆಂಡೇ ಇಲ್ಲದೆ ಆಡುವ ದೃಶ್ಯವನ್ನು ಮರೆಯಲು ಆಗುವುದೇ ಇಲ್ಲ. ಆದರೂ ನಾನು 2006ರ ‘ಬಮಾಕೊ’ವನ್ನು ಅದಕ್ಕಿಂತ ಬಹಳ ಮೇಲೆ ಇಟ್ಟಿದ್ದೇನೆ. ಮಾಲಿ ದೇಶದ ರಾಜಧಾನಿಯ ಒಂದು ವಠಾರದ ಅಂಗಳ. ಅಲ್ಲಿ ವಿಶ್ವಬ್ಯಾಂಕ್ ಮತ್ತು ಐಎಂಎಫ್ ಮೇಲೆ ವಿಚಾರಣೆ. ಕರಿಕೋಟು ಹಾಕಿದವರಲ್ಲಿ ನಿಜವಾದ ವಕೀಲರೂ ಇದ್ದಾರೆ. ವಾದ ನಡೆಯುತ್ತಿರುವಾಗಲೇ ಹೆಂಗಸರು ಬಟ್ಟೆಗೆ ಬಣ್ಣ ಹಾಕುತ್ತಾರೆ, ಮಕ್ಕಳು ಅಡ್ಡಾಡುತ್ತಾರೆ, ಮದುವೆ ದಿಬ್ಬಣ ನಡುವೆ ಹಾದುಹೋಗುತ್ತದೆ. ಕೊನೆಗೆ ಒಬ್ಬ ಮುದುಕ ರೈತ ಎದ್ದು ನಿಂತು ತನ್ನ ಸಾಕ್ಷಿಯನ್ನು ಹಾಡಿ ಹೇಳುತ್ತಾನೆ. ಆ ಹಾಡಿಗೆ ಸಬ್‌ಟೈಟಲ್ ಇಲ್ಲ. ನಮ್ಮಂಥ ಹೊರಗಿನವರು ಸುಮ್ನೆ ಕೂತು ಕೇಳಬೇಕು. ನನ್ನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ.

ಮಿಕ್ಕವು ಚುಟುಕಾಗಿ. ಸುಲೇಮಾನ್ ಸಿಸೆ ಅವರ ‘ಯೀಲೆನ್’ (1987) ಕಣ್ಣಿಗೆ ಹಬ್ಬ, ಅದರ ಮಂತ್ರ-ತಂತ್ರದ ಲೋಕದೊಳಗೆ ನಾನಿನ್ನೂ ಪೂರ್ತಿ ಇಳಿದಿಲ್ಲ, ಮಧ್ಯದಲ್ಲಿದೆ. ಬುರ್ಕಿನಾ ಫಾಸೊದ ಇದ್ರಿಸಾ ವೆದ್ರಾವೊಗೊ ಅವರ ‘ಯಾಬಾ’ (1989) ಊರವರು ಮಾಟಗಾತಿ ಎಂದು ದೂರವಿಟ್ಟ ಅಜ್ಜಿಗೂ ಒಬ್ಬ ಹುಡುಗನಿಗೂ ನಡುವಿನ ಸ್ನೇಹದ ಕತೆ, ಮಕ್ಕಳ ಜೊತೆ ನೋಡಿ. ಈಜಿಪ್ಟಿನ ಯೂಸೆಫ್ ಶಾಹಿನ್ ಅವರ ‘ಕೈರೊ ಸ್ಟೇಷನ್’ (1958) ಎಪ್ಪತ್ತೇಳು ನಿಮಿಷದ ಬಿಗಿಯಾದ ಸಿನಿಮಾ. ಕುಂಟುವ ಪೇಪರ್ ಮಾರುವವನಾಗಿ ನಿರ್ದೇಶಕರೇ ನಟಿಸಿದ್ದಾರೆ.

ಸಿನಿಮಾ ಸಿಗುವುದೇ ದೊಡ್ಡ ಕಷ್ಟ. ಇವುಗಳಲ್ಲಿ ಎಷ್ಟೋ ಸಿನಿಮಾಗಳ ಹಳೆಯ ಪ್ರಿಂಟ್‌ಗಳು ಹಾಳಾಗಿವೆ. ‘ಟೂಕಿ ಬೂಕಿ’ ಇವತ್ತು ಇಷ್ಟು ಸ್ವಚ್ಛವಾಗಿ ಕಾಣಲು ಕಾರಣ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, 2008ರಲ್ಲಿ ಅದನ್ನು ಸರಿಪಡಿಸಿದ್ದು ಅವರೇ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಕೂಡ ಅದೇ ಯೋಜನೆಯಡಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಸಿದ್ಧವಾಗಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿತು. ಡಾಕರ್‌ನ ಸಿನಿಮಾವನ್ನೂ ಮಲೆನಾಡಿನ ಸಿನಿಮಾವನ್ನೂ ಉಳಿಸಿದ ಕೈ ಒಂದೇ ಎಂದು ತಿಳಿದು ನನಗೆ ತುಂಬ ಖುಷಿಯಾಯಿತು. ಇಂಥ ಕೆಲಸ ಇನ್ನೂ ಜಾಸ್ತಿ ಆಗಬೇಕು. ನಮ್ಮ ಎಪ್ಪತ್ತರ ದಶಕದ ಎಷ್ಟೋ ಸಿನಿಮಾಗಳು ಸರದಿಯಲ್ಲಿವೆ.

ಮುಂದೆ ನೋಡಬೇಕಾದವು: ಸಿಸೆ ಅವರ ‘ಬಾರಾ’, ಸೆನೆಗಲ್‌ನಲ್ಲಿ ನಿಷೇಧಕ್ಕೆ ಒಳಗಾಗಿದ್ದ ಸೆಂಬೇನ್ ಅವರ ‘ಚೆಡ್ಡೊ’. ಆಮೇಲೆ ನೈಜೀರಿಯಾ. 1992ರ ‘ಲಿವಿಂಗ್ ಇನ್ ಬಾಂಡೇಜ್’ ಇಗ್ಬೊ ಭಾಷೆಯಲ್ಲಿ ತೆಗೆದ, ಥಿಯೇಟರ್‌ಗೆ ಬಾರದೆ ಕ್ಯಾಸೆಟ್ಟಾಗಿ ಮಾರುಕಟ್ಟೆಯಲ್ಲಿ ಮಾರಿದ ಸಿನಿಮಾ. ನಾಲಿವುಡ್, ಅಂದರೆ ನೈಜೀರಿಯಾದ ಸಿನಿಮಾ ಉದ್ಯಮ, ಬೆಳೆದದ್ದು ಅಲ್ಲಿಂದ. ಇಂಥವನ್ನು ಬೇರೆ ಪಟ್ಟಿಯಲ್ಲಿಡು ಎಂದು ಗೆಳೆಯನೊಬ್ಬ ಹೇಳಿದ. ನಾನು ಒಪ್ಪುವುದಿಲ್ಲ. ಯಾರ ಜೊತೆ ಮಾತಾಡುತ್ತಿದೆ ಎನ್ನುವುದೇ ನನ್ನ ಅಳತೆಯಾದರೆ, ಪ್ರಶಸ್ತಿಯ ಆಸೆಯಿಲ್ಲದೆ ತನ್ನ ಸಂತೆಯ ಜನಕ್ಕೇ ಮಾಡಿದ ಕ್ಯಾಸೆಟ್ಟು ಇದೇ ಪಟ್ಟಿಗೆ ಬರಬೇಕು, ಸೆಂಬೇನ್ ಅವರ ಸಿನಿಮಾಗಳ ಪಕ್ಕದಲ್ಲೇ ನಿಂತು ತನ್ನ ಸ್ಥಾನ ಗಳಿಸಬೇಕು.