ಲಡಾಖಿಗೆ ಎರಡು ಬ್ಯಾಟರಿ ಹೊತ್ತುಕೊಂಡು: ಹೊರಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಹೋದ ವರ್ಷ ಮನಾಲಿ-ಲೇಹ್ ದಾರಿಯ ಜಿಸ್ಪಾದಲ್ಲಿ ಬೆಳಗಿನ ಜಾವ ಎಚ್ಚರವಾಯಿತು. ಟೆಂಟಿನಿಂದ ಎದ್ದು ಗಾಡಿಯ ಹಿಂಬಾಗಿಲು ತೆಗೆದೆ. ಫ್ರಿಜ್ ಆಗಾಗ ಗುಂಯ್ ಅನ್ನಬೇಕು, ಅನ್ನುತ್ತಿರಲಿಲ್ಲ. ಟಾರ್ಚ್ ಹಾಕಿದರೆ ಬ್ಯಾಟರಿ ಮೀಟರಿನಲ್ಲಿ 11.4 ವೋಲ್ಟ್. ವೋಲ್ಟೇಜ್ ಸಾಲದೆ ಫ್ರಿಜ್ ತಾನಾಗಿಯೇ ಆಫ್ ಆಗಿತ್ತು. ಅದರೊಳಗೆ ನನ್ನ ಹೆಂಡತಿಗೆ ಒಂದೂವರೆ ತಿಂಗಳಿಗೆ ಸಾಕಾಗುವಷ್ಟು ಇನ್ಸುಲಿನ್ ಇತ್ತು.

"ರೀ, ಮುಚ್ಚಳ ತೆಗೀಬೇಡಿ. ಹೊರಗೆ ಇಷ್ಟು ಚಳಿ ಇದೆ, ಒಳಗಿನ ತಂಪು ಎಲ್ಲೂ ಹೋಗಲ್ಲ" ಎಂದಳು. ಅವಳು ಹೇಳಿದ್ದೇ ಸರಿಯಾಯಿತು. ಬಿಸಿಲು ಬರುವ ಹೊತ್ತಿಗೂ ಒಳಗಿನ ಥರ್ಮಾಮೀಟರ್ 7 ಡಿಗ್ರಿ ತೋರಿಸುತ್ತಿತ್ತು. ಆದರೆ ಮುಂದೆ ಸರ್ಚು, ಪಾಂಗ್, ಲೇಹ್, ಹಾನ್ಲೆ ಎಲ್ಲ ಬಾಕಿ ಇದ್ದವು. ಆ ಸ್ಥಿತಿಯಲ್ಲಿ ಮುಂದೆ ಹೋಗುವ ಧೈರ್ಯ ಬರಲಿಲ್ಲ. ಅಟಲ್ ಸುರಂಗ ದಾಟಿ ಮನಾಲಿಗೆ ವಾಪಸ್ ಬಂದೆವು. ಈ ಸೆಪ್ಟೆಂಬರಿನಲ್ಲಿ ಮತ್ತೆ ಹೊರಟು, ಹಾನ್ಲೆಯಲ್ಲಿ ಎರಡು ರಾತ್ರಿ ಉಳಿದು ಬಂದಿದ್ದೇವೆ. ಬೆಂಗಳೂರಿನಿಂದ ಗಾಡಿಯಲ್ಲೇ ಲಡಾಖಿಗೆ ಹೋಗಬೇಕು, ಜೊತೆಗೆ ಫ್ರಿಜ್ಜೋ ಕ್ಯಾಮೆರಾ ಸಾಮಾನೋ ಇದೆ ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬಿಎಸ್6 ಡೀಸೆಲ್ ಫೋರ್ ಬೈ ಫೋರ್. ಬಾನೆಟ್ ಕೆಳಗೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿ ಇರುತ್ತದಲ್ಲ, ಅದನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಹಿಂದಿನ ಸೀಟು ತೆಗೆದ ಜಾಗದಲ್ಲಿ 100 ಆ್ಯಂಪ್ ಅವರ್‌ನ ಎರಡು ಡೀಪ್ ಸೈಕಲ್ ಎಜಿಎಂ ಬ್ಯಾಟರಿ ಇವೆ. ಎಜಿಎಂ ಅಂದರೆ ಆ್ಯಸಿಡ್ ಚೆಲ್ಲದಂತೆ ಮುಚ್ಚಿದ ಸೀಸದ ಬ್ಯಾಟರಿ. 100 ಆ್ಯಂಪ್ ಅವರ್ ಅಂದರೆ 5 ಆ್ಯಂಪ್ ಕರೆಂಟನ್ನು 20 ಗಂಟೆ ಕೊಡುವಷ್ಟು. ಸ್ಟಾರ್ಟಿಂಗ್ ಬ್ಯಾಟರಿಯೊಳಗೆ ತೆಳುವಾದ ಪ್ಲೇಟುಗಳು ಜಾಸ್ತಿ ಇರುತ್ತವೆ. ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡುವುದಷ್ಟೇ ಅದರ ಕೆಲಸ. ಡೀಪ್ ಸೈಕಲ್‌ನಲ್ಲಿ ಪ್ಲೇಟ್ ದಪ್ಪ, ನಿಧಾನವಾಗಿ ಗಂಟೆಗಟ್ಟಲೆ ಕೊಡುತ್ತದೆ. ಹಾಗಂತ ಪೂರ್ತಿ ಹೀರಬಾರದು. ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಆಯಸ್ಸು ಕಡಿಮೆಯಾಗುತ್ತದೆ. ಅಂದರೆ 200ರಲ್ಲಿ ನಮಗೆ ಸಿಗುವುದು 100.

ಜಿಸ್ಪಾದಲ್ಲಿ ಆಗಿದ್ದೇನು? ದಿನವಿಡೀ ಗಾಡಿ ಓಡಿಸುತ್ತೇವೆ, ಚಾರ್ಜ್ ಆಗೇ ಆಗುತ್ತದೆ ಎಂದು ನಾನು ನಂಬಿದ್ದೆ. ಬಯಲು ಸೀಮೆಯ ಸೆಕೆಯಲ್ಲಿ ಫ್ರಿಜ್ ದಿನಕ್ಕೆ 40 ಆ್ಯಂಪ್ ಅವರ್ ತಿನ್ನುತ್ತಿತ್ತು. ಲೈಟು, ಫೋನು, ಲ್ಯಾಪ್‌ಟಾಪ್ ಸೇರಿ ಇನ್ನೊಂದು 15. ವಾಪಸ್ ತುಂಬುತ್ತಿದ್ದುದು ಅದಕ್ಕಿಂತ 20-25 ಕಡಿಮೆ. ಒಂದು ದಿನಕ್ಕೆ ಅದು ಗೊತ್ತೇ ಆಗುವುದಿಲ್ಲ. ಹೈದರಾಬಾದ್, ನಾಗಪುರ, ಝಾನ್ಸಿ, ಚಂಡೀಗಢ ದಾಟಿ ಆರನೇ ರಾತ್ರಿಗೆ ಲೆಕ್ಕ ಎದುರಿಗೆ ಬಂತು.

ಮನಾಲಿಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮೂಲ ಹಿಡಿದರು. ಇಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನಲ್ಲಿ ಮೊದಲು ಬಾನೆಟ್ ಕೆಳಗಿನ ಬ್ಯಾಟರಿ ನೋಡಿದರು: 13.2. ಆಮೇಲೆ ಹಿಂದಿನ ಬ್ಯಾಟರಿ: 12.6. ಏನೂ ಮಾತಾಡದೆ ಎರಡು ಅಂಕಿಯನ್ನೂ ಗಾಜಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಎಜಿಎಂ ಪೂರ್ತಿ ತುಂಬಬೇಕಾದರೆ ಅದರ ಟರ್ಮಿನಲ್‌ನಲ್ಲೇ 14.4ರಿಂದ 14.7 ವೋಲ್ಟ್ ಇರಬೇಕು. ಅದೂ ಕೆಲವು ಗಂಟೆ.

ಎರಡು ತಪ್ಪು ಸೇರಿಕೊಂಡಿದ್ದವು. ಈಗಿನ ಎಷ್ಟೋ ಗಾಡಿಗಳ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಮಾಡುವ ಯಂತ್ರ) ಡೀಸೆಲ್ ಉಳಿಸಲು ಮುಂದಿನ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ. ಹಿಂದೆ ಇನ್ನೆರಡು ಬ್ಯಾಟರಿ ಹಸಿದಿರುವುದು ಅದಕ್ಕೆ ಗೊತ್ತಿಲ್ಲ. ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಬರೀ ಒಂದು ರಿಲೇ (ತಾನಾಗೇ ಜೋಡಿಸಿ ಬಿಡಿಸುವ ಸ್ವಿಚ್) ಹಾಕಿದ್ದರೆ, ಅದು ಬಂದಷ್ಟನ್ನು ದಾಟಿಸುತ್ತದೆ, ಹೆಚ್ಚು ಮಾಡುವುದಿಲ್ಲ. ಎರಡನೆಯ ತಪ್ಪು ವೈರಿನದು. ನಮಗೆ ಫಿಟ್ ಮಾಡಿಕೊಟ್ಟವರು 6 ಚದರ ಮಿಲಿಮೀಟರ್ ವೈರ್ ಎಳೆದಿದ್ದರು. ಹೋಗಿ ಬರುವ ದಾರಿ ಸೇರಿ 10 ಮೀಟರ್. 20 ಆ್ಯಂಪ್ ಹರಿದರೆ ವೈರಿನಲ್ಲೇ 0.6 ವೋಲ್ಟ್ ಕರಗಿಹೋಗುತ್ತದೆ. ಮನಾಲಿಯಲ್ಲಿ ಕಂಡ ವ್ಯತ್ಯಾಸವೂ ಅಷ್ಟೇ ಅಲ್ವಾ?

ಈ ಸಲ ಹೊರಡುವ ಮುಂಚೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ದಿನ ಸುತ್ತಿ 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ತಂದೆ. ಇದರಲ್ಲಿ 25 ಆ್ಯಂಪ್ ಹರಿದರೂ ನಷ್ಟ 0.3 ವೋಲ್ಟ್ ಒಳಗೇ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ಕೇಬಲ್ ಕೂಡ ಮಾರುತ್ತಾರೆ. ತುದಿ ಕತ್ತರಿಸಿ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ರಿಲೇ ತೆಗೆದು 25 ಆ್ಯಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆ. ಆಲ್ಟರ್ನೇಟರ್ 13 ಕೊಟ್ಟರೂ 12.5 ಕೊಟ್ಟರೂ ಅದನ್ನು ಏರಿಸಿ ಬ್ಯಾಟರಿಗೆ ಬೇಕಾದ ವೋಲ್ಟೇಜ್ ಕೊಡುವುದೇ ಇದರ ಕೆಲಸ. ಇಂಜಿನ್ ಆಫ್ ಆದರೆ ಸಂಪರ್ಕ ಕಡಿದುಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಸ್ಟಾರ್ಟ್ ಮಾಡುವ ಬ್ಯಾಟರಿ ಎಂದೂ ಖಾಲಿಯಾಗುವುದಿಲ್ಲ. ಬಿಎಸ್6 ಗಾಡಿ ಆಗಿದ್ದರೆ ಚಾರ್ಜರಿಗೆ ಇಗ್ನಿಷನ್ ವೈರ್ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರ್) ಕೊಡಲು ಮರೆಯದಂತೆ ನೋಡಿಕೊಳ್ಳಿ. ಬರೀ ವೋಲ್ಟೇಜ್ ನೋಡಿ ಆನ್ ಆಗುವ ಸೆಟ್ಟಿಂಗ್‌ನಲ್ಲಿ ಬಿಟ್ಟರೆ, ಓಡುವಾಗಲೂ ಆಫ್ ಆಗಬಹುದು. ಕೇಬಲ್ಲಿನ ಎರಡೂ ತುದಿಗೆ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಇದರಲ್ಲಿ ಯಾವ ರಾಜಿಯೂ ಬೇಡ. ನಡುವೆ ಎಲ್ಲಾದರೂ ವೈರ್ ಸವೆದು ಗಾಡಿಯ ಲೋಹದ ಮೈಗೆ ತಾಗಿದರೆ ಗಾಡಿಯೇ ಉರಿಯುತ್ತದೆ.

ಎರಡು ಬ್ಯಾಟರಿ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿ) ಹಾಕುವಾಗ ಹೆಚ್ಚಿನವರು ಪ್ಲಸ್ಸನ್ನೂ ಮೈನಸ್ಸನ್ನೂ ಒಂದೇ ಬ್ಯಾಟರಿಯಿಂದ ತೆಗೆಯುತ್ತಾರೆ. ಆಗ ಆ ಬ್ಯಾಟರಿ ಜಾಸ್ತಿ ದುಡಿಯುತ್ತದೆ, ಇನ್ನೊಂದಕ್ಕೆ ಚಾರ್ಜ್ ಕಡಿಮೆ ಸೇರುತ್ತದೆ. ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ. ಕೊಳ್ಳುವಾಗ ಒಂದೇ ಕಂಪನಿಯದು, ಒಂದೇ ತಿಂಗಳಲ್ಲಿ ತಯಾರಾದದ್ದು, ಒಂದೇ ಸೈಜಿನದು ಕೇಳಿ ತೆಗೆದುಕೊಳ್ಳಿ. ಹಳೆಯದರ ಜೊತೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ಎಳೆದುಹಾಕುತ್ತದೆ.

ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಹಾಕಬಹುದಾ ಎಂದು ತುಂಬ ಜನ ಕೇಳುತ್ತಾರೆ. ಡೀಪ್ ಸೈಕಲ್ ಏನೋ ಹೌದು, ಬೆಲೆಯೂ ಕಡಿಮೆ. ಆದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಡಿ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ನಾವು ಕೂರುವ ಜಾಗದೊಳಗೆ ಅದು ಬೇಡವೇ ಬೇಡ. ಹೊರಗೆ ಟ್ರೇ ಮಾಡಿಸಿ ಇಟ್ಟಿದ್ದರೆ, ಪೂರ್ತಿ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ. ಮುಂಚೆ ಹಾಕಿದರೆ ಉಕ್ಕಿ ಹೊರಗೆ ಬರುತ್ತದೆ.

ಲಿಥಿಯಂ ಬ್ಯಾಟರಿ ಹಗುರ, ಬೇಗ ತುಂಬುತ್ತದೆ, ಜಾಸ್ತಿ ಬಾಳುತ್ತದೆ. ಕರಾವಳಿಗೋ ರಾಜಸ್ಥಾನಕ್ಕೋ ಹೋಗುವುದಿದ್ದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಹಾಳಾಗುತ್ತದೆ. ಲಡಾಖಿನ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಆಗುವುದು ಅದೇ. ಹೀಟರ್ ಇರುವ ಲಿಥಿಯಂ ಸಿಗುತ್ತದೆ, ನಮ್ಮ ಬಜೆಟ್ಟಿಗೆ ಅದು ಬರಲಿಲ್ಲ.

ಚಳಿಯ ಬಗ್ಗೆ ಇನ್ನೊಂದು ಮಾತು. ಸೀಸದ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ತನ್ನ ಶಕ್ತಿಯಲ್ಲಿ ನೂರಕ್ಕೆ ಸುಮಾರು 80 ಭಾಗ ಮಾತ್ರ ಕೊಡುತ್ತದೆ. ತುಂಬಿದ ಬ್ಯಾಟರಿ ನಮ್ಮ ದೇಶದ ಯಾವ ರಸ್ತೆಯಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಖಾಲಿಯಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೋದರೆ ಹೆಪ್ಪುಗಟ್ಟಿ ಒಡೆಯಬಹುದು. ಚಾರ್ಜ್ ವೋಲ್ಟೇಜ್ ಕೂಡ ಬದಲಾಗಬೇಕು. 25 ಡಿಗ್ರಿಯ ಲೆಕ್ಕಕ್ಕೆ ಹೋಲಿಸಿದರೆ ಸೊನ್ನೆಯಲ್ಲಿ ಸುಮಾರು ಅರ್ಧ ವೋಲ್ಟ್ ಜಾಸ್ತಿ ಬೇಕು, ನಾಗಪುರದ ಬಿಸಿಲಿನಲ್ಲಿ ಸ್ವಲ್ಪ ಕಡಿಮೆ. ಚಾರ್ಜರ್ ಜೊತೆ ಬರುವ ಸಣ್ಣ ಟೆಂಪರೇಚರ್ ಸೆನ್ಸರನ್ನು ಬ್ಯಾಟರಿಯ ಮೈಗೇ ಅಂಟಿಸಿ. ಎಷ್ಟೋ ಜನ ಅದನ್ನು ಡಬ್ಬಿಯಲ್ಲೇ ಬಿಟ್ಟುಬಿಡುತ್ತಾರೆ.

ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಾಂಡಿಯಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಜಿಸ್ಪಾದಲ್ಲಿ ಒಂದು ರಾತ್ರಿ ನಿಂತು ಎತ್ತರಕ್ಕೆ ಒಗ್ಗಿಕೊಳ್ಳಿ. ಗಾಟಾ ಲೂಪ್ಸ್‌ನ 21 ತಿರುವು ಹತ್ತಿ, 5,000 ಮೀಟರಿಗಿಂತ ಎತ್ತರದ ಲಾಚುಲುಂಗ್ ಲಾ ದಾಟಿ ಪಾಂಗಿಗೆ ಇಳಿದಾಗ ನನ್ನ ಅಭ್ಯಾಸದಂತೆ ಬ್ಯಾಟರಿ ಮುಟ್ಟಿ ನೋಡಿದೆ. ಒಂದು ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೈ ಸುಡುವಷ್ಟು ಬಿಸಿಯಾಗಿತ್ತು. ಕುಲುಕಾಟಕ್ಕೆ ಬೋಲ್ಟ್ ಅರ್ಧ ಸುತ್ತು ಸಡಿಲವಾಗಿತ್ತು. ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದೆ. ಹೆಂಡತಿ ತನ್ನ ಕೆಂಪು ನೇಲ್ ಪಾಲಿಶ್ ತಂದು ಬೋಲ್ಟಿನ ತಲೆಯಿಂದ ಲಗ್ಗಿನವರೆಗೆ ಒಂದು ಗೆರೆ ಎಳೆದಳು. ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ ಎಂದು ಅರ್ಥ. ಆಮೇಲೆ ಪ್ರತಿ ಸಂಜೆ ಟಾರ್ಚ್ ಬಿಟ್ಟು ನೋಡಿದರೆ ಸಾಕಾಗುತ್ತಿತ್ತು, ಸ್ಪ್ಯಾನರ್ ಹುಡುಕುವ ಕೆಲಸವೇ ಇಲ್ಲ.

ಹಾನ್ಲೆಗೆ ಪರ್ಮಿಟ್ ಬೇಕು, ಲೇಹ್‌ನಲ್ಲೇ ಮಾಡಿಸಿಕೊಳ್ಳಿ. ಅಲ್ಲಿನ ಗುಡ್ಡದ ಮೇಲಿರುವ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಅದನ್ನು ಕೆಳಗೆ ನಿಂತು ನೋಡುವಾಗ ನನಗೆ ಆದ ಖುಷಿ ಹೇಳತೀರದು. ದೂರದರ್ಶಕಕ್ಕೆ ಅಡ್ಡಿಯಾಗದಂತೆ ಊರಿನ ಸುತ್ತ ರಾತ್ರಿ ಬೆಳಕು ಮಾಡಬಾರದು. ಈಗಿನ ಎಷ್ಟೋ ಗಾಡಿಗಳಲ್ಲಿ ಇಂಜಿನ್ ಸ್ಟಾರ್ಟ್ ಮಾಡಿದರೆ ಮುಂದಿನ ಲೈಟು ತಾನಾಗೇ ಉರಿಯುತ್ತದೆ. ಹಾಗಾಗಿ ಚಾರ್ಜ್ ಮಾಡಲು ರಾತ್ರಿ ಇಂಜಿನ್ ಓಡಿಸುವ ಮಾತೇ ಇಲ್ಲ. ನಿಂತ ಗಾಡಿಯಲ್ಲಿ ಇಂಜಿನ್ ಓಡಿಸಿದರೆ ಆಲ್ಟರ್ನೇಟರ್ ಕೊಡುವುದೂ ಕಡಿಮೆ, ಹೊಗೆಯ ಅಪಾಯವೂ ಇದೆ.

ಇಲ್ಲಿ ಕೈ ಹಿಡಿದದ್ದು ಮಡಚುವ 160 ವಾಟ್ ಸೋಲಾರ್ ಪ್ಯಾನೆಲ್. ಬ್ಯಾಟರಿ 80 ಭಾಗದವರೆಗೆ ಬೇಗ ತುಂಬುತ್ತದೆ, ಕೊನೆಯ 20 ಭಾಗ ಮಾತ್ರ ಗಂಟೆಗಟ್ಟಲೆ ಎಳೆಯುತ್ತದೆ. ಆ ಕೊನೆಯ ಭಾಗ ತುಂಬದೆ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿ ಸಾಯುವುದು ಹೆಚ್ಚಾಗಿ ಹೀಗೆಯೇ. ಸೂರ್ಯ ಆ ನಿಧಾನದ ಕೆಲಸಕ್ಕೆ ಸರಿಯಾದವನು. ಹಾನ್ಲೆಯ ಬಿಸಿಲಿನಲ್ಲಿ ದಿನಕ್ಕೆ 45 ಆ್ಯಂಪ್ ಅವರ್ ಬಂತು. ಚಳಿಯಲ್ಲಿ ಫ್ರಿಜ್ ತಿಂದದ್ದು ಬರೀ 15.

ಫ್ರಿಜ್ ತಂಪು ಮಾಡುತ್ತದೆ, ಬೆಚ್ಚಗೆ ಮಾಡುವುದಿಲ್ಲ ಎಂಬುದು ನೆನಪಿರಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕು. ರಾತ್ರಿ ಗಾಡಿಯೊಳಗೂ ಸೊನ್ನೆಗಿಂತ ಕೆಳಗಿಳಿಯುವ ಕಡೆ ಅದನ್ನು ದಪ್ಪ ಥರ್ಮಕೋಲ್ ಡಬ್ಬಿಗೆ ಹಾಕಿ ಕೋಣೆಯೊಳಗೆ ಇಟ್ಟುಕೊಂಡೆವು. ಫ್ರಿಜ್‌ನಲ್ಲಿಟ್ಟಾಗಲೂ ಗೋಡೆಗೆ ತಾಗದಂತೆ ನಡುವೆ ಇಡಿ, ಪಕ್ಕದಲ್ಲೇ ಬೇರೆ ಥರ್ಮಾಮೀಟರ್ ಇರಲಿ.

ಹಾನ್ಲೆಯ ಎರಡನೇ ಬೆಳಗ್ಗೆ ಆರು ಗಂಟೆಗೆ ಮೀಟರ್ 12.6 ತೋರಿಸುತ್ತಿತ್ತು. ಎಲ್ಲ ಲೋಡ್ ತೆಗೆದು ಕೆಲವು ಗಂಟೆ ಬಿಟ್ಟು ನೋಡಿದ ಅಂಕಿ ಮಾತ್ರ ನಿಜ: ಎಜಿಎಂಗೆ 12.8 ಅಂದರೆ ಪೂರ್ತಿ, 12.2ರ ಹತ್ತಿರ ಅಂದರೆ ಅರ್ಧ.

ಊರಿಗೆ ಬಂದ ದಿನವೇ ಮನೆಯ ಚಾರ್ಜರ್‌ಗೆ ಹಾಕಿ ಒಂದು ದಿನ ಪೂರ್ತಿ ಬಿಟ್ಟೆ. ಟರ್ಮಿನಲ್ಲನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿದ ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಪೆಟ್ರೋಲಿಯಂ ಜೆಲ್ಲಿ ಸವರಿದೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪ್ಲಗ್ ಇಲ್ಲ, ಬಿಸಿಲೂ ಇಲ್ಲ. ಅದಕ್ಕೇ ಫ್ರಿಜ್, ಮೀಟರ್ ಎಲ್ಲದರ ವೈರ್ ಬಿಚ್ಚಿಟ್ಟು, ತಿಂಗಳಿಗೊಂದು ಭಾನುವಾರ ಗಾಡಿಯನ್ನು ಮೇಲೆ ತಂದು ಪ್ಯಾನೆಲ್ ಬಿಡಿಸುತ್ತೇವೆ. ಸಂಜೆಯವರೆಗೆ ಅಲ್ಲೇ ಬಿಡುತ್ತೇವೆ.